ಮೀನೆಣ್ಣೆ ಕುಡಿದ ಮರ

ಮಳೆಗಾಲ ಕಳೆದು ಗಟ್ಟಿ ಬಿಸಿಲು ಬಿದ್ದ ಮೊದಲ ವಾರ ಪೆಟ್ಟಿಗೆಯ ಬಟ್ಟೆಗಳನ್ನೆಲ್ಲ ಹೊರಗೆ ಹರವುವ ರೂಢಿಯನ್ನು ನಾನು ಇನ್ನೂ ಬಿಟ್ಟಿಲ್ಲ. ಮುಚ್ಚಳ ತೆಗೆದರೆ ಮೊದಲು ಕರ್ಪೂರ, ಆಮೇಲೆ ಹಳೆಯ ರೇಷ್ಮೆ, ಆಮೇಲೆ ಮುಗ್ಗಲು. ಇವೆಲ್ಲದರ ಅಡಿಯಿಂದ ನಿಧಾನವಾಗಿ ಮೇಲೆ ಬರುವುದು ಮೀನೆಣ್ಣೆಯ ವಾಸನೆ. ತಾರ್ಲೆ ಮೀನನ್ನು ಕುದಿಸಿ ತೆಗೆದ, ದೋಣಿಗೆ ಹಚ್ಚುವ ಎಣ್ಣೆ ಅದು. ಎಪ್ಪತ್ತು ವರ್ಷದ ಹಿಂದೆ ಅದು ಮೂಗು ಮುಚ್ಚಿಕೊಳ್ಳುವ ವಾಸನೆಯಾಗಿತ್ತು. ಈಗ ಕಾಯಬೇಕು, ಉಸಿರು ಹಿಡಿದು ಬಗ್ಗಬೇಕು, ಆಗ ಸಿಗುತ್ತದೆ. ಪೆಟ್ಟಿಗೆಯ ತಳದಲ್ಲಿ, ಅಜ್ಜಿಯ ಸೀರೆಯ ತುಂಡಿನಲ್ಲಿ ಸುತ್ತಿದ, ಮೂರು ಗೇಣು ಉದ್ದದ ಹಲಸಿನ ಮರವೊಂದಿದೆ. ನೋಡಿದವರು ದೋಣಿಯ ಹುಟ್ಟಿನ ಹಿಡಿಯೇ ಎಂದು ಕೇಳುತ್ತಾರೆ. ಅಲ್ಲ. ಅದು ಗಿಟಾರಿನ ಕುತ್ತಿಗೆ ಮತ್ತು ತಲೆ. ಅದಕ್ಕೆ ಒಡಲು ಎಂದೂ ಕೂಡಲಿಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು, ಯಾವ ಕೆಲಸಕ್ಕೂ ಬಾರದ, ಎಸೆಯಲು ಕೈ ಬಾರದ ವಸ್ತು. ಅದು ಯಾಕೆ ಉಳಿಯಿತೆಂದು ಹೇಳಬಲ್ಲವರು ಒಬ್ಬೊಬ್ಬರಾಗಿ ಹೋಗಿ, ಕೊನೆಗೆ ನೀವೊಬ್ಬರೇ ಉಳಿದಿರಬಹುದು. ನನ್ನ ಸ್ಥಿತಿಯೂ ಅದೇ. ಆದ್ದರಿಂದ ನಾನು ಕಂಡದ್ದನ್ನು ಕಂಡಷ್ಟೇ ಬರೆದಿಡುತ್ತೇನೆ.

ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುವ ಕಡೆ, ದಂಡೆಯ ಮೇಲೆ ನನ್ನ ತಾಯಿಯ ತವರುಮನೆ ಇತ್ತು. ಅಜ್ಜ ದೋಣಿ ಕಟ್ಟುವ ಆಚಾರಿ. ಮನೆಗಿಂತ ದೋಣಿಯ ಚಪ್ಪರವೇ ದೊಡ್ಡದು. ಮಳೆಗಾಲದಲ್ಲಿ ಅದರೊಳಗೆ ಎರಡು ದೋಣಿ, ಹಲಗೆಗಳ ರಾಶಿ, ಕೀಸಿದ ಸಿಪ್ಪೆಯ ಗುಡ್ಡೆ. ಚಪ್ಪರದ ಹಿಂದೆ ಡೊಂಕು ಮರಗಳ ರಾಶಿ ಬೇರೆಯೇ ಇತ್ತು. ದೋಣಿಯ ಪಕ್ಕೆಲುಬಿಗೆ ನೆಟ್ಟಗಿನ ಮರವನ್ನು ಕಡಿದು ಬಾಗಿಸುವಂತಿಲ್ಲ, ತಾನಾಗಿ ಬಾಗಿ ಬೆಳೆದ ಕೊಂಬೆಯೇ ಬೇಕು. ಹಾಗಾಗಿ ಅಜ್ಜ ಎಲ್ಲಿಗೆ ಹೋದರೂ, ಹಳದೀಪುರದ ಮದುವೆ ಮನೆಗೇ ಹೋಗಲಿ, ಮರಗಳ ಕೊಂಬೆ ನೋಡುತ್ತ ಬರುತ್ತಿದ್ದರು. ಮೀನೆಣ್ಣೆಯ ಮಡಕೆ ಮನೆಯಿಂದ ಹದಿನೈದು ಹೆಜ್ಜೆ ದೂರ, ಮಾವಿನ ಮರದ ಬುಡದಲ್ಲಿ. ನಮ್ಮದು ಮೀನು ತಿನ್ನದ ಮನೆ. ಆದರೆ ಮೀನೆಣ್ಣೆ ಇಲ್ಲದೆ ದೋಣಿಯಿಲ್ಲ. ಅದನ್ನು ಮುಟ್ಟಿದವರು ಬಾವಿಯ ಹತ್ತಿರ ಮಿಂದೇ ಒಳಗೆ ಬರಬೇಕು. ಹುಟ್ಟುಗಳಿಗೆ ಎಣ್ಣೆ ಕುಡಿಸುವ ಕೆಲಸ ಅಜ್ಜಿಯದು. ಮೈಗೆಲ್ಲ ಒರೆಸಿ, ಕೊನೆಗೆ ತುದಿಯನ್ನು ಮಡಕೆಯೊಳಗೆ ಇಳಿಬಿಟ್ಟು ಒಂದು ರಾತ್ರಿ ನಿಲ್ಲಿಸುವುದು. ಮರದ ಅಡ್ಡ ಕೊಯ್ದ ತುದಿ ಎಣ್ಣೆಯನ್ನು ಬೆರಳುದ್ದ ಮೇಲಕ್ಕೆ ಎಳೆದುಕೊಳ್ಳುತ್ತದೆ. ನೀರು ಮತ್ತೆ ಒಳಗೆ ಹೋಗುವುದಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ. ಅಪ್ಪನಿಗೆ ಕುಮಟೆಯ ಶಾಲೆಯಿಂದ ಬೇರೆ ಊರಿಗೆ ವರ್ಗವಾಗಿ ನನ್ನನ್ನು ಅಜ್ಜನ ಮನೆಯಲ್ಲಿ ಬಿಟ್ಟಿದ್ದರು. ನನಗೆ ಹತ್ತು ವರ್ಷ. ಮಳೆ ಹಿಡಿಯುವ ಮುಂಚಿನ ಕೊನೆಯ ಮಚವೆಯಲ್ಲಿ, ಸರಕು ಸಾಗಿಸುವ ಹಾಯಿಹಡಗಿನಲ್ಲಿ, ಮುಂಬಯಿಯಿಂದ ಮಂಜು ಮಾವ ಬಂದ. ಅಜ್ಜನ ಒಬ್ಬನೇ ಮಗ. ಆರು ವರ್ಷದ ಹಿಂದೆ ಯಾರಿಗೂ ಹೇಳದೆ ಓಡಿಹೋಗಿ ಹಡಗು ಸೇರಿದ್ದವನು. ಬಂದವನ ಹೆಗಲಲ್ಲಿ ಒಂದು ಚೀಲ, ಎಡಗೈಗೆ ಸುತ್ತಿದ ಪಂಚೆ. ಹಡಗಿನ ಹಗ್ಗ ಸುತ್ತುವ ಯಂತ್ರಕ್ಕೆ ಸಿಕ್ಕಿ ಆ ಕೈಯ ಕಿರುಬೆರಳೂ ಅದರ ಪಕ್ಕದ ಬೆರಳೂ ಹೋಗಿದ್ದವು. ಇದನ್ನು ಅವನು ಅಜ್ಜಿಗೆ ಹೇಳಿದ, ಅಜ್ಜಿ ಅಜ್ಜನಿಗೆ ಹೇಳಿದರು. ಅಜ್ಜ ಮರ ಕೆತ್ತುವ ಬಾಚಿ ಕೆಳಗಿಡದೆ ಕೇಳಿಸಿಕೊಂಡರು. ತಂದೆ ಮಗ ಒಂದೇ ಜಗಲಿಯಲ್ಲಿ ಊಟಕ್ಕೆ ಕೂರುತ್ತಿದ್ದರು, ಮಾತಿರಲಿಲ್ಲ. ಊಟ ಮಾಡುವಾಗಲೂ ಮಾವನ ಎಡಗೈ ಪಂಚೆಯ ಒಳಗೇ.

ಚೀಲದಲ್ಲಿ ಆರು ತಂತಿಗಳ ಸುರುಳಿ ಇತ್ತು, ಎಣ್ಣೆಕಾಗದದಲ್ಲಿ ಸುತ್ತಿದ್ದು. ಹಡಗಿನಲ್ಲಿ ಜೊತೆಗಿದ್ದು ಇವನಿಗೆ ಗಿಟಾರು ಕಲಿಸಿದ್ದ ಒಬ್ಬ ಮುಂಬಯಿಯ ಹೊಟೇಲೊಂದರಲ್ಲಿ ವಾದ್ಯ ನುಡಿಸುವವರ ತಂಡ ಕಟ್ಟಿದ್ದನಂತೆ. ನಿನ್ನ ಗಿಟಾರು ನೀನೇ ತಂದರೆ ಜಾಗ ಇದೆ ಎಂದಿದ್ದನಂತೆ. ಮೂರು ಬೆರಳಿನವನನ್ನು ಹಡಗಿಗೆ ಇನ್ನು ಸೇರಿಸಿಕೊಳ್ಳುವುದಿಲ್ಲ. ಉಳಿ ಹಿಡಿಯುವ ಕೈಯೇ ಹೋದ ಮೇಲೆ ಚಪ್ಪರದಲ್ಲೂ ತನಗೆ ಕೆಲಸವಿಲ್ಲ ಎಂಬುದು ಮಾವನ ಲೆಕ್ಕ. ಅಜ್ಜಿಗೆ ಅವನು ಹೇಳಿದ್ದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದೇನೆ. "ಗಿಟಾರು ಒಂದು ಆಗ್ಲಿ ಆಯಿ. ನೂಲ ಹುಣ್ಣಿಮೆ ಮುಗ್ದು ಕಡಲು ಬಿಟ್ಟ ಕೂಡ್ಲೆ ಮೊದ್ಲ ಮಚವೆಗೆ ಹೋಗ್ತೆ. ಮಚವೆ ನಡ್ಸೂ ತಾಂಡೇಲಂಗೆ ಮಾತು ಕೊಟ್ಟಾಗದೆ." ಅಜ್ಜಿ ಒಲೆ ಊದುತ್ತಿದ್ದರು. ಬೆಂಕಿ ಹತ್ತಿದ ಮೇಲೂ ಊದುತ್ತಲೇ ಇದ್ದರು.

ಒಡಲನ್ನು ಮಾವ ಚಹಾ ಪೆಟ್ಟಿಗೆಯ ತೆಳು ಹಲಗೆಯಿಂದ ಮಾಡಿದ, ಕೆಟ್ಟದಾಗೇನೂ ಇರಲಿಲ್ಲ. ಕುತ್ತಿಗೆಗೆ ನೆಟ್ಟಗಿನ ಸಾಗವಾನಿ ತುಂಡು ಆರಿಸಿ, ತಲೆಯ ಕಡೆಗೆ ಹಿಂದಕ್ಕೆ ಬಾಗುವಂತೆ ಕೊರೆದ. ತಂತಿ ಬಿಗಿಯುವ ಬಿರಡೆಗಳು ಕೂರುವುದು ಆ ಬಾಗಿದ ತಲೆಯಲ್ಲಿ. ಎಡಗೈಯಿಂದ ಒತ್ತಿ ಹಿಡಿಯಲಾಗದೆ ಕಾಲಬೆರಳಿನಿಂದ ಮರವನ್ನು ಅದುಮಿಕೊಂಡು ಕೆತ್ತುತ್ತಿದ್ದ. ಅಜ್ಜ ಹತ್ತು ಮಾರು ಆಚೆ ಕೂತು ತಮ್ಮ ಕೆಲಸ ತಾವು ಮಾಡುತ್ತಿದ್ದರು. ಒಂದು ಸಂಜೆ ಮಾವ ಅದನ್ನು ಹಲಗೆಗೆ ಮೊಳೆ ಹೊಡೆದು ನಿಲ್ಲಿಸಿ, ಎಳೆತ ತಡೆಯುತ್ತದೋ ಎಂದು ತಂತಿ ಬಿಗಿದ. ನಾಲ್ಕನೆಯ ತಂತಿಗೆ ತಲೆ ಕಿತ್ತುಬಂತು. ಒಣಗಿದ ಬಳಪ ಮುರಿದಷ್ಟು ಸಣ್ಣ ಸದ್ದು. ಬಾಗಿದ ಜಾಗದಲ್ಲೇ, ಮರದ ನಾರು ಅಡ್ಡಕ್ಕೆ ಕತ್ತರಿಸಿಹೋದಲ್ಲೇ ಮುರಿದಿತ್ತು. ಮಾವ ಎರಡು ತುಂಡನ್ನೂ ಹಿಡಿದುಕೊಂಡು ಕೂತ.

ಅಜ್ಜ ಎದ್ದು ಬಂದರು. ಆರು ವರ್ಷದ ಮೇಲೆ ಮಗನಿಗೆ ಆಡಿದ ಮೊದಲ ಮಾತು ಇದು: "ನೆಟ್ಟಗೆ ಬೆಳೆದ ಮರಕ್ಕೆ ಬಗ್ಗು ಅಂದ್ರೆ ಬಗ್ತದ್ಯೇನಾ? ಮುರೀತದೆ. ದೋಣಿ ಆಚಾರಿ ಮಗ ಆಗಿ ಇಷ್ಟೂ ಮರ್ತ್ಯಾ?"

"ಹಂಗಾರೆ ಬಗ್ಗಿದ್ದು ನೀನೇ ಹುಡ್ಕಿ ಕೊಡು" ಎಂದ ಮಾವ, ತಲೆಯೆತ್ತದೆ.

ಮರುದಿನ ಮಳೆಯಲ್ಲೇ ಅಜ್ಜ ಗೋಣಿಕೊಪ್ಪೆ ಹಾಕಿಕೊಂಡು ಡೊಂಕು ಮರಗಳ ರಾಶಿಯನ್ನು ಅರ್ಧ ದಿನ ಕೆದಕಿದರು. ಕೊನೆಗೆ ತಂದ ಹಲಸಿನ ಕೊಂಬೆ ಎರಡೂವರೆ ಗೇಣು ನೆಟ್ಟಗೆ ಬಂದು, ತುದಿಯಲ್ಲಿ ಮಾತ್ರ, ತಲೆ ಹಿಂದಕ್ಕೊರಗಿಸಿ ಆಕಾಶ ನೋಡುವವರ ಹಾಗೆ ಬಾಗಿತ್ತು. ನಾರು ಎಲ್ಲೂ ಕಡಿಯದೆ ಆ ಬಾಗಿನ ಜೊತೆಗೇ ಹರಿದಿತ್ತು. ಬಾಚಿಯಲ್ಲಿ ಒರಟು ತೆಗೆದ ದಿನ ಚಪ್ಪರವೆಲ್ಲ ಹಳದಿ ಸಿಪ್ಪೆ. ಹಲಸಿನ ಮರಕ್ಕೆ ಹಸಿಯಲ್ಲೂ ಒಣಗಿದ ಮೇಲೂ ಒಂದು ಸಿಹಿ ವಾಸನೆ ಇರುತ್ತದೆ. ಒರಟು ಮುಗಿದ ಮೇಲೆ ಅಜ್ಜ ಮಗನ ಕಡೆ ಕೈ ಚಾಚಿ, "ಕೈ ಕೊಡು" ಎಂದರು. ಮಾವ ಬಲಗೈ ಕೊಟ್ಟ. "ಅದಲ್ಲ. ಇದನ್ನ ಹಿಡಿಯೂ ಕೈ." ಮಾವ ಅಲ್ಲಾಡಲಿಲ್ಲ. "ಹುಟ್ಟು ಮಾಡ್ಬೇಕಾರೂ ಅಂಬಿಗನ ಕೈ ನೋಡೇ ಮಾಡೂದು. ನಿಂದೆಂತ ಬೇರೆಯಾ?"

ಇದು ನಿಜ. ಅಜ್ಜ ಯಾರಿಗೂ ಅಳತೆಯಿಲ್ಲದೆ ಹುಟ್ಟು ಮಾಡಿಕೊಟ್ಟವರಲ್ಲ; ಅಂಬಿಗ ಬಂದು ಅಂಗೈ ಬಿಚ್ಚಬೇಕು, ಅದರ ಜಡ್ಡುಗಟ್ಟಿದ ಗಂಟುಗಳನ್ನು ಹೆಬ್ಬೆರಳಿನಿಂದ ತಡವಿ ನೋಡಿಯೇ ಹಿಡಿಯನ್ನು ಕೀಸುತ್ತಿದ್ದರು. ಮಾವ ಪಂಚೆ ಬಿಚ್ಚಿದ. ನಾನು ಆ ಕೈಯನ್ನು ಕಂಡದ್ದು ಆಗಲೇ ಮೊದಲು. ಉಳಿದ ಎರಡು ಬೆರಳು ಉದ್ದವಾಗಿ, ಚೆನ್ನಾಗಿಯೇ ಇದ್ದವು. ಬದಿಯಲ್ಲಿ ಚರ್ಮ ಗುಲಾಬಿ ಬಣ್ಣದಲ್ಲಿ ಮಡಿಚಿಕೊಂಡಿತ್ತು. ಅಜ್ಜ ಅದನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಹುಟ್ಟಿನ ಅಳತೆಗೆ ಹಿಡಿಯುವಷ್ಟೇ ಹೊತ್ತು ಹಿಡಿದರು ಎಂದು ನೆನಪು. ಹೆಚ್ಚು ಹೊತ್ತು ಹಿಡಿದಿರಬಹುದು. ನನಗೆ ಖಚಿತವಿಲ್ಲ. ಆಮೇಲೆ ಮರ ಕೊಟ್ಟು "ಹಿಡಿ" ಎಂದರು. ಇದ್ದಿಲಲ್ಲಿ ಗುರುತು ಹಾಕಿದರು. ಕೀಸಿದರು. ಮತ್ತೆ "ಹಿಡಿ."

ಹೀಗೆ ಇಪ್ಪತ್ತು ದಿನಗಳಾದರೂ ಆಗಿರಬೇಕು. ಹೆಬ್ಬೆರಳು ಕೂರುವ ಕಡೆ ತೆಳುವಾಯಿತು. ಬೆರಳಿಲ್ಲದ ಕಡೆ ಅಂಗೈಯ ಅಂಚು ಒರಗಿ ನಿಲ್ಲಲೆಂದು ಮರವನ್ನು ತುಸು ಉಬ್ಬಾಗಿ ಬಿಟ್ಟು, ಆ ಉಬ್ಬಿನ ಮೇಲೆ ಕಂಡೂ ಕಾಣದಂಥ ಒಂದು ತಗ್ಗು ಕೊರೆದರು. ತಲೆಗೆ ಆರು ತೂತು, ಹುಣಸೆ ಮರದ ಆರು ಬಿರಡೆ. ಇಗರ್ಜಿಯಲ್ಲಿ ಪಿಟೀಲು ನುಡಿಸುತ್ತಿದ್ದ ನೆರೆಮನೆಯ ಕೈತಾನ ಬಂದು, ತಂತಿಗೆ ಬೆರಳೊತ್ತುವ ಮೆಟ್ಟಿಲುಗಳ ಅಂತರ ಲೆಕ್ಕ ಹಾಕಿ ಗೆರೆ ಎಳೆದುಕೊಟ್ಟ. ಹಿತ್ತಾಳೆಯ ಪಟ್ಟಿ ಕೂರಿಸುವುದು ಕೊನೆಗೆಂದು ಗೆರೆಗಳನ್ನು ಕೊರೆದು ಖಾಲಿ ಬಿಟ್ಟರು. ಕುತ್ತಿಗೆಯ ಬುಡ ಒಡಲಿನೊಳಗೆ ಕೂರುವ ಗೂಟವನ್ನು ಅಜ್ಜ ಕೂದಲೆಳೆಯ ಸಡಿಲೂ ಇಲ್ಲದ ಹಾಗೆ ಹೊಂದಿಸಿದ್ದರು. ಅಷ್ಟು ದಿನದಲ್ಲಿ ಅವರಿಬ್ಬರೂ ಆಡಿದ ಮಾತು ಮರದ ಮಾತು ಮಾತ್ರ. ಆದರೆ ಮಾವ ಪಂಚೆಯನ್ನು ಕೈಗೆ ಸುತ್ತುವುದು ಬಿಟ್ಟಿದ್ದ. ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಅಜ್ಜಿ ನೀರು ಬೆಲ್ಲ ತಂದಿಟ್ಟು, ಕೀಸುತ್ತಿದ್ದ ಅಜ್ಜನನ್ನು ನೋಡುತ್ತ ನಿಂತರು. "ಎಂತಕ್ಕೆ ಅಷ್ಟು ಚೆಂದ ಮಾಡ್ತ್ರಿ? ಅದು ಆದ ದಿನ ಅಂವ ಹೊರಟ್ನೇ ಅಂತ ತಿಳ್ಕಣಿ." ಅಜ್ಜ ಮರದ ಮೇಲಿನ ಹುಡಿ ಊದಿ, "ಕೆಲ್ಸ ಕೆಡ್ಸೂಕೆ ನಂಗೆ ಬರೂದಿಲ್ವೆ" ಎಂದರು. ಅಜ್ಜಿ ತಿರುಗಿಹೋದರು.

ನೂಲ ಹುಣ್ಣಿಮೆಗೆ ಮೂರು ದಿನ ಇರುವಾಗ ಕುತ್ತಿಗೆ ಮುಗಿಯಿತು. ಮರುದಿನ ಬೆಳಿಗ್ಗೆ ಮರವಜ್ರದ ಅಂಟು ಕಾಯಿಸಿ ಒಡಲಿಗೆ ಕೂರಿಸುವುದೆಂದು ಗೊತ್ತಾಗಿತ್ತು. ಆ ಸಂಜೆ ಊಟ ಬಡಿಸುವಾಗ ಅಜ್ಜಿಯ ಕೂದಲು ಒದ್ದೆಯಾಗಿತ್ತು. ಎರಡನೆಯ ಸಲ ಮಿಂದಿದ್ದರು. ಬೆನ್ನ ಮೇಲೆ ನೀರು ಇಳಿಯುತ್ತಿತ್ತು. ಅದನ್ನು ನಾನು ನೋಡಿದೆ, ಬೇರೆಯವರೂ ನೋಡಿರಬೇಕು. ಆ ವಾರ ಎಣ್ಣೆ ಕುಡಿಸಲು ಜಗಲಿಯಲ್ಲಿ ಒಂದು ಹುಟ್ಟೂ ಇರಲಿಲ್ಲ.

ಬೆಳಿಗ್ಗೆ ನೋಡಿದರೆ ಕುತ್ತಿಗೆ ಮಾವಿನ ಮರದ ಬುಡದಲ್ಲಿತ್ತು. ತಲೆಯಿಂದ ಕೆಳಗಿನವರೆಗೆ ಒರೆಸಿ, ಬುಡದ ಗೂಟವನ್ನು ಮೀನೆಣ್ಣೆಯ ಮಡಕೆಯೊಳಗೆ ಇಳಿಬಿಟ್ಟು ನಿಲ್ಲಿಸಿತ್ತು, ಹುಟ್ಟನ್ನು ನಿಲ್ಲಿಸುವ ಹಾಗೇ. ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯುವುದಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತು, "ಮರಕ್ಕೆ ಎಣ್ಣೆ ಕುಡಿಸೂದು ನನ್ನ ಕೆಲ್ಸ ಅಲ್ದಾ? ಕುಡ್ಸಿದೆ" ಎಂದರು. ಅಂಟು ಕಾಯಿಸುವ ಪಾತ್ರೆ ಹಿಡಿದು ಬಂದ ಕೈತಾನ ಕುತ್ತಿಗೆಯನ್ನು ಮೂಸಿ ನೋಡಿ, ನಗು ತಡೆಯಲಾಗದೆ ಅಂದ: "ಅರೇ ಆಚಾರ್ರೇ, ನಿಮ್ಮಲ್ಲಿ ಮೀನು ತಿನ್ನೂದಿಲ್ಲ, ಬರೀ ಬಾರ್ಸೂದನಾ?" ಮೊದಲು ನಕ್ಕವನು ಮಾವ. ಆಮೇಲೆ ಅಜ್ಜ. ಅಜ್ಜಿ ಮಾತ್ರ ನಗಲಿಲ್ಲ. ಮಗನ ಮುಖವನ್ನೇ ನೋಡುತ್ತಿದ್ದರು.

ಅಜ್ಜ ಗೂಟವನ್ನು ಹೆಬ್ಬೆರಳಿನಿಂದ ಒತ್ತಿ, ಬೆರಳನ್ನು ಮೂಗಿಗೆ ಹಿಡಿದು, "ಕೆರೆದ್ರೆ ಸಡ್ಲ ಆಗ್ತದೆ. ತನ್ನಷ್ಟಕ್ಕೆ ಒಣಗ್ಬೇಕು. ಬರೂ ಮಳೆ ವರೆಗೆ ಬೇಕು" ಎಂದರು. ಮಾವ ಅದನ್ನು ಕೈಗೆ ತೆಗೆದುಕೊಂಡು, ತನ್ನ ಮೂರು ಬೆರಳಿಗೆ ಕೂಡಿಸಿ ನೋಡಿ, "ಆತು" ಎಂದ. ಅಷ್ಟೇ.

ಇದನ್ನು ಬರೆಯುವಾಗ ನಾನು ಜಾಗ್ರತೆಯಾಗಿರಬೇಕು. ಅಜ್ಜಿ ನಲವತ್ತು ವರ್ಷ ಆಚಾರಿಯ ಹೆಂಡತಿಯಾಗಿದ್ದವರು. ಎಣ್ಣೆಗೂ ಅಂಟಿಗೂ ಆಗುವುದಿಲ್ಲವೆಂದು ಹತ್ತು ವರ್ಷದ ನನಗೇ ಗೊತ್ತಿತ್ತು. ಅಜ್ಜ ಒಂದು ಹನಿ ಅಂಟಿಲ್ಲದೆ, ಬರೀ ಮರದ ಬೆಣೆ ಹೊಡೆದು, ಕಡಲಿಗೆ ಹೋಗುವ ದೋಣಿ ಕಟ್ಟಿದವರು. ಈ ಗೂಟಕ್ಕೆ ಎರಡು ಬೆಣೆ ಹೊಡೆದಿದ್ದರೆ ಮಧ್ಯಾಹ್ನದೊಳಗೆ ಗಿಟಾರು ನಿಲ್ಲುತ್ತಿತ್ತು. ಅವರು ಹೊಡೆಯಲಿಲ್ಲ. ಮಾವನೂ ಅದೇ ಚಪ್ಪರದಲ್ಲಿ ಬೆಳೆದವನು. ಅವನು ಹೊಡೆ ಎನ್ನಲಿಲ್ಲ. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಹಾಕಿ ಬಂದೆವು. ಮೊದಲ ಮಚವೆ ಮಾವನಿಲ್ಲದೆ ಹೋಯಿತು. ಮರುದಿನ ಅಜ್ಜ ಒಂದು ಹುಟ್ಟಿನ ಮರವನ್ನು ಅವನ ಮುಂದೆ ಹಾಕಿದರು. ಮಾವ ಅದನ್ನು ಕಾಲಬೆರಳಿನಿಂದ ಅದುಮಿಕೊಂಡು ಕೀಸತೊಡಗಿದ.

ಆ ವರ್ಷ ಕುತ್ತಿಗೆ ಜಗಲಿಯ ಗೋಡೆಗೆ ನೇತುಬಿದ್ದಿತ್ತು. ಹದಿನೈದು ದಿನಕ್ಕೊಮ್ಮೆ ಅಜ್ಜಿ ಅಡುಗೆಮನೆಯಿಂದಲೇ ಕೇಳುವರು: "ಒಣಗ್ತಾ ತಮಾ?" ಮಾವ ಗೂಟವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಇಲ್ಲ ಆಯಿ, ಇನ್ನೂ ಇಲ್ಲ" ಎನ್ನುವನು. ಬೇಸಿಗೆಯ ಕಡು ಬಿಸಿಲಲ್ಲೂ ಹಾಗೇ ಅಂದ. ಆ ದಿನ ಅವನು ಹೊರಹೋದ ಮೇಲೆ ನಾನು ಒತ್ತಿ ನೋಡಿದೆ. ನನ್ನ ಬೆರಳಿಗೆ ಏನೂ ಹತ್ತಲಿಲ್ಲ. ನಾನು ಯಾರಿಗೂ ಹೇಳಲಿಲ್ಲ.

ಮರುವರ್ಷ ಮಳೆಗಾಲದ ಕೊನೆಗೆ ಮಾವನಿಗೆ ಚಳಿಜ್ವರ ಬಂತು. ಆರನೆಯ ದಿನ ಹೋದ. ಮುಂಬಯಿಗೆ ಹೋಗಿದ್ದರೆ ಉಳಿಯುತ್ತಿದ್ದನೋ ಏನೋ ಎಂದು ಬಂದವರು ಒಬ್ಬಿಬ್ಬರು ಅಂದದ್ದು ಅಜ್ಜಿಗೆ ಕೇಳಿಸಿತು. ಅವರು ಮತ್ತೆ ಮೀನೆಣ್ಣೆಯ ಮಡಕೆಯನ್ನು ಮುಟ್ಟಲಿಲ್ಲ. ಹುಟ್ಟುಗಳನ್ನು ಅಂಬಿಗರೇ ಒಯ್ದು ಎಣ್ಣೆ ಕುಡಿಸಿಕೊಳ್ಳುತ್ತಿದ್ದರು. ಕುತ್ತಿಗೆಯನ್ನು ಗೋಡೆಯಿಂದ ಇಳಿಸಿ ತಮ್ಮ ಸೀರೆಯಲ್ಲಿ ಸುತ್ತಿಟ್ಟವರು ಅವರೇ. ಕೆಲವು ವರ್ಷಗಳಲ್ಲಿ ಅಜ್ಜ ಹೋದರು, ಅಜ್ಜಿ ಹೋದರು, ಚಪ್ಪರ ಬಿತ್ತು. ಹೊಳೆಗೆ ಸೇತುವೆ ಬಂದ ಮೇಲೆ ದಂಡೆಯ ಗುರುತೂ ಉಳಿಯಲಿಲ್ಲ. ಮಾವಿನ ಮರವಿದ್ದ ಜಾಗ ಯಾವುದೆಂದು ನಿಂತು ತೋರಿಸಲು ಈಗ ನನ್ನಿಂದಾಗದು.

ಈ ವರ್ಷವೂ ಅದನ್ನು ಬಿಸಿಲಿಗಿಟ್ಟೆ. ಕೈಯಲ್ಲಿ ಹಿಡಿದೆ. ಅದು ನನ್ನ ಕೈಗೆ ಕೂರುವುದಿಲ್ಲ, ಯಾರ ಕೈಗೂ ಕೂರುವುದಿಲ್ಲ; ಕಿರುಬೆರಳು ಅಡ್ಡ ಬರುತ್ತದೆ. ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ಒಳಗೆ ಮಡಿಚಿದರೆ ಮಾತ್ರ ಅಂಗೈಯ ಅಂಚು ಹೋಗಿ ಆ ತಗ್ಗಿನಲ್ಲಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಹಾಗೇ ಹಿಡಿದು ಕೂತೆ. ಆಮೇಲೆ ಗೂಟವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಎಲುಬಿನ ಹಾಗೆ ಒಣಗಿದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ, ಯಾರೂ ಕೇಳಲಿಲ್ಲ. ಆದರೂ ಮತ್ತೆ ಸೀರೆಯಲ್ಲಿ ಸುತ್ತುವಾಗ ನಾನು ಬಾಯಿಬಿಟ್ಟೇ ಹೇಳಿದೆ: "ಇಲ್ಲ, ಇನ್ನೂ ಇಲ್ಲ."