ಮೂರನೆಯ ಒಲೆ

ಕರೂರು ಹಳ್ಳಿಯ ನಮ್ಮ ಮನೆಗೆ ‘ಸಪರೇಟ್’ ಎಂಬ ಮಾತು ಬಂದದ್ದೇ ನನ್ನ ಟ್ರಂಕಿನಲ್ಲಿ ಎಂದು ನನ್ನ ಗಂಡ ಕೊನೆಯವರೆಗೂ ಛೇಡಿಸುತ್ತಿದ್ದರು. ನಾನೇನು ಮಾಡಲಿ, ಹುಟ್ಟಿ ಬೆಳೆದದ್ದು ಬಳ್ಳಾರಿಯಲ್ಲಿ. ಕನ್ನಡದವರಿರಲಿ, ತೆಲುಗಿನವರಿರಲಿ, ಅಲ್ಲಿ ಆ ಪದ ಎಲ್ಲರ ಬಾಯಲ್ಲಿತ್ತು. ಹೋಟೆಲಿನಲ್ಲಿ ಹೆಂಗಸರಿಗೆ ಪರದೆ ಕಟ್ಟಿದ ಸಪರೇಟ್ ರೂಮು, ಶಾಲೆಯಲ್ಲಿ ಹುಡುಗಿಯರಿಗೆ ಸಪರೇಟ್ ಬೆಂಚು. ಗಂಡನೊಡನೆ ಮುನಿದು ತವರಿಗೆ ಬಂದು ಕೂತವಳೂ ಸಪರೇಟ್. ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತದಿಂದ ಸಪರೇಟ್ ಆಗಬೇಕೆಂದು ಗಂಟಲು ಹರಿದುಕೊಳ್ಳುವವರೂ ಇದ್ದರು. ಕರೂರಿನವರು ಮಾತ್ರ ಆ ಪದವನ್ನು ಒಂದೇ ಕೆಲಸಕ್ಕೆ ಇಟ್ಟುಕೊಂಡರು: ಒಲೆ ಬೇರೆಯಾಗುವುದಕ್ಕೆ.

ಐವತ್ತರ ದಶಕದ ಶುರುವಿನಲ್ಲಿ ನಮ್ಮಲ್ಲೂ ಅದಾಯಿತು. ಜಗಳವೇನಿರಲಿಲ್ಲ, ಮಕ್ಕಳು ಹೆಚ್ಚಾಗಿ ಮನೆ ಸಾಲದಾಗಿತ್ತು. ಊರ ಹಿರಿಯರು ಪಡಸಾಲೆಯಲ್ಲಿ ಕೂತರು. ಅಣ್ಣ ಪಾಲು ಮಾಡಬೇಕು, ತಮ್ಮ ಮೊದಲು ಆರಿಸಿಕೊಳ್ಳಬೇಕು, ಇದು ಪದ್ಧತಿ. ಭಾವನವರು ಮಾಡಿದರು, ನನ್ನ ಗಂಡ ಆರಿಸಿದರು. ಗದ್ದೆ, ಎತ್ತು, ಕೊಪ್ಪರಿಗೆ, ಒನಕೆ ಎಲ್ಲ ಹಂಚಿದ ಮೇಲೆ ಒಬ್ಬ ಹಿರಿಯರಿಗೆ ಇವರಿಬ್ಬರ ಅಕ್ಕನ ನೆನಪಾಯಿತು.

ಆಕೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ತಮ್ಮಂದಿರಿಬ್ಬರನ್ನೂ ಎತ್ತಿ ಆಡಿಸಿದವರು. ಆ ಮನೆಯ ಒಲೆ ಅವರ ಕೈಯಲ್ಲೇ ಇತ್ತು.

“ಆಕಿಗೇನು, ಆರು ತಿಂಗಳು ದೊಡ್ಡ ತಮ್ಮನ ಮನ್ಯಾಗ, ಆರು ತಿಂಗಳು ಸಣ್ಣ ತಮ್ಮನ ಮನ್ಯಾಗ ಉಣ್ಲಿ,” ಎಂದರು ಹಿರಿಯರು. ಎಲ್ಲರೂ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಎತ್ತನ್ನಾದರೂ ಹಲ್ಲು ನೋಡಿ ಹಂಚಿದ್ದರು, ಅಕ್ಕನನ್ನು ಒಂದು ಮಾತು ಕೇಳಲಿಲ್ಲ.

ಹೊಸ ಒಲೆಗೆ ಹಳೆಯ ಒಲೆಯ ಕೆಂಡವನ್ನೇ ಒಯ್ಯಬೇಕು. ಕೆಂಡ ಎತ್ತಿಕೊಡುವವರು ಅಕ್ಕನೇ. ಒಡೆದ ಗಡಿಗೆಯ ಚೂರಿನಲ್ಲಿ ಭಾವನ ಹೆಂಡತಿಗೆ ಕೊಟ್ಟರು, ಇನ್ನೊಂದರಲ್ಲಿ ನನಗೆ. ಆಮೇಲೆ ಮತ್ತೊಂದು ಚೂರಿಗೆ ಕೆಂಡ ಹಾಕತೊಡಗಿದರು.

“ಅದು ಯಾರಿಗೆ ಅಕ್ಕಾ?” ಎಂದರು ಭಾವ.

“ನನಗ. ಕೊಟ್ಟಿಗಿ ಬಾಜೂಕ ಖೋಲಿ ಖಾಲಿ ಐತಿ. ನಾಟಿ ಹಚ್ಚಾಕ ಹೋಗ್ತೀನಿ, ದುಡದು ಉಣ್ತೀನಿ. ನಂದೂ ಸಪರೇಟ್ ಆಗ್ಲಿ.”

“ಮಂದಿ ಏನಂದಾರು?”

“ಅನ್ನಾವ್ರನ್ನ ಉಣ್ಣಾಕ ಕರಕೊಂಡು ಬಾ, ಅಡಿಗಿ ಮಾಡಿ ಹಾಕ್ತೀನಿ.”

ಹಿರಿಯರು ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು ಎದ್ದರು. ಆಕೆ ಕೆಂಡ ಹಿಡಿದು ಅಂಗಳ ದಾಟಿ ಹೋದರು. ಯಾರೂ ತಡೆಯಲಿಲ್ಲ.

ಮಾರನೆಯ ಬೆಳಗ್ಗೆ ನನ್ನ ಒಲೆ ಆರಿತ್ತು. ಬೂದಿಯಲ್ಲಿ ಕೆಂಡ ಮುಚ್ಚಿಡುವುದು ಪೇಟೆಯ ಹುಡುಗಿಗೆ ಎಲ್ಲಿ ಬರಬೇಕು? ಭಾವನ ಮನೆಗೆ ಹೋಗಲು ಬಿಗುಮಾನ. ಚೂರು ಹಿಡಿದು ಕೊಟ್ಟಿಗೆಯ ಪಕ್ಕದ ಕೋಣೆಯ ಬಾಗಿಲಲ್ಲಿ ನಿಂತೆ. ಬೇರೆಯಾದ ಮನೆಗೆ ಹೋಗಿ ಬೆಂಕಿ ಕೇಳಬಹುದೋ ಇಲ್ಲವೋ, ಅದೂ ನನಗೆ ತಿಳಿದಿರಲಿಲ್ಲ.

ಅಕ್ಕ ರೊಟ್ಟಿ ತಟ್ಟುತ್ತಿದ್ದರು. ನನ್ನ ಕೈಯಲ್ಲಿದ್ದುದನ್ನು ನೋಡಿ ನಕ್ಕು, ಎರಡು ಕೆಂಡ ಎತ್ತಿ ಹಾಕಿದರು.

“ಲಗೂನ ಹೋಗು, ಆರತೈತಿ,” ಎಂದರು. “ನಾಳಿ ನಂದು ಆರಿದ್ರ ನಾನೂ ನಿನ್ನ ಬಾಗಲಿಗೆ ಬರ್ತೀನಿ.”