ಚೀಲದಲ್ಲಿ ನಾಲ್ಕು ಫೋನು

ಮೊನ್ನೆಮೊನ್ನೆಯವರೆಗೂ ನನ್ನ ಹೆಂಡತಿಯ ಫೋನ್ ನಂಬರು ನನಗೆ ಬಾಯಿಗೆ ಬರುತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗಬೇಕು, ಒಂದು ಕಾಲದಲ್ಲಿ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದುದೇ ದೂರಸಂಪರ್ಕವನ್ನು. ಮಾಡುತ್ತಿದ್ದೆ ಎಂದು ನನ್ನ ನೆನಪು. ಆ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ.

ಮಿಶ್ರ ನಿಸ್ತಂತು ಜಾಲ ಎಂಬ ಅಧ್ಯಾಯವೊಂದಿತ್ತು. ಕೆಲವು ಸಂದೇಶಗಳು ಟವರಿನ ಮೂಲಕ ಹೋಗುತ್ತವೆ, ಕೆಲವು ಒಂದು ಫೋನಿನಿಂದ ಪಕ್ಕದ ಫೋನಿಗೆ ದಾಟುತ್ತ ಹೋಗುತ್ತವೆ. ಓಡಾಡುವವರ ಕೈಗೆ ಸಂದೇಶ ಕೊಟ್ಟು, ತಡವಾದರೂ ಸರಿ ಎಂದು ಕಾಯುವುದಾದರೆ ಜಾಲ ಹೊರಬಲ್ಲ ಭಾರ ಹೆಚ್ಚುತ್ತದೆ ಎಂದು ಬೋರ್ಡಿನ ಮೇಲೆ ಸಾಧಿಸಿ ತೋರಿಸುತ್ತಿದ್ದೆ. ಹುಡುಗರು ನಂಬುತ್ತಿದ್ದರು. ಅನುಮಾನವಿದ್ದದ್ದು ನನಗೊಬ್ಬನಿಗೇ.

ಹುದಿಕೇರಿಯ ಹತ್ತಿರ ಮನೆ ಮಾಡಿದ ಮೇಲೆ ನಾನೇ ಆ ಅಧ್ಯಾಯದೊಳಗೆ ಬಂದು ಬಿದ್ದೆ. ನಮ್ಮ ಇಳಿಜಾರಿನ ಮನೆಗಳಿಗೆ ಸಿಗ್ನಲ್ ಇಲ್ಲ. ಅದಿರುವುದು ಮೇಲೆ, ಉಮ್ಮರ್ ಕಾಕನ ಟೀ ಅಂಗಡಿಯ ತಿರುವಿನಲ್ಲಿ. ಹಾಗಾಗಿ ಮೇಲೆ ಹೋಗುವವರು ಅಕ್ಕಪಕ್ಕದವರ ಫೋನುಗಳನ್ನೂ ಚೀಲದಲ್ಲಿ ಒಯ್ಯುವುದು ನಮ್ಮಲ್ಲಿ ರೂಢಿ. ಒಂದು ಟೀ ಮುಗಿಯುವಷ್ಟರಲ್ಲಿ ಹೋಗಬೇಕಾದ ಮೆಸೇಜು ಹೋಗಿರುತ್ತದೆ, ಬರಬೇಕಾದದ್ದು ಬಂದಿರುತ್ತದೆ.

ಮೊನ್ನೆ ಪೊನ್ನಂಪೇಟೆಯಿಂದೀಚೆ ರಸ್ತೆಗೆ ಮರ ಬಿತ್ತು. ಹೆಂಡತಿ ಮಡಿಕೇರಿಯಲ್ಲಿ ರಿಪೇರಿಯಾದ ಮಿಕ್ಸಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು. ಪೊನ್ನಂಪೇಟೆಯಲ್ಲೇ ಇಳಿದು ಬೇರೆ ದಾರಿ ಹಿಡಿ ಎಂದು ತಿಳಿಸದಿದ್ದರೆ ಮರದ ಹತ್ತಿರ ಇಳಿದು, ಮಂಡಿನೋವಿನಲ್ಲಿ ಮಿಕ್ಸಿ ಹೊತ್ತು ನಡೆಯಬೇಕು. ಸ್ಕೂಟರ್ ಹತ್ತಿ ಹೊರಟೆ. ದಾರಿಯಲ್ಲಿ ನಾಲ್ಕು ಮನೆಯವರು ನಾಲ್ಕು ಫೋನು ಕೊಟ್ಟರು.

ತಿರುವಿಗೆ ಬಂದು ಜೇಬು ಮುಟ್ಟಿಕೊಂಡೆ. ನನ್ನ ಫೋನು ಊಟದ ಮೇಜಿನ ಮೇಲಿತ್ತು. ಚೀಲದಲ್ಲಿದ್ದ ನಾಲ್ಕಕ್ಕೂ ಲಾಕ್.

ಉಮ್ಮರ್ ಕಾಕ ತಮ್ಮ ಫೋನು ಕೊಟ್ಟರು. ಕೊನೆಯ ಎರಡು ಅಂಕಿ ನಲವತ್ತೇಳೋ ಎಪ್ಪತ್ತನಾಲ್ಕೋ? ನಲವತ್ತೇಳು ಒತ್ತಿದೆ. ಯಾರೋ ಹಿರಿಯರು ಎತ್ತಿ, ತಾವು ನನ್ನ ಹೆಂಡತಿಯಲ್ಲವೆಂದು ಬಹಳ ಸಮಾಧಾನದಿಂದ ತಿಳಿಸಿದರು.

"ತಿರುಗಿಸಿ ಒತ್ತಿ ಮಾಷೇ," ಎಂದರು ಕಾಕ. ಒತ್ತಿದೆ. ಆ ನಂಬರು ಚಾಲ್ತಿಯಲ್ಲೇ ಇರಲಿಲ್ಲ.

ಟೀ ಕುಡಿಯುತ್ತಿದ್ದ ಜೀಪಿನ ಬೋಪಯ್ಯ ಕೇಳಿದ, "ನನ್ನ ಜೀಪಿನ ನಂಬರ್ ಗೊತ್ತುಂಟಾ ಮೇಷ್ಟ್ರೇ?"

ತಡವರಿಸದೆ ಹೇಳಿಬಿಟ್ಟೆ.

"ಇದನ್ನು ಅಕ್ಕನ ಹತ್ರ ಹೇಳ್ಬೇಡಿ," ಎಂದು ಜೀಪು ಹತ್ತಿ ಹೋದ.

ಮನೆಗೆ ಹೋಗಿ ಫೋನು ತರಲು ಹೊರಟೆ. ಆದರೆ ನಾಲ್ಕು ಫೋನು ಹಿಂತಿರುಗಿಸಬೇಕಲ್ಲ. ಪ್ರತಿ ಮನೆಯಲ್ಲೂ ಕಾಫಿ, ಪ್ರತಿ ಮನೆಯಲ್ಲೂ ನನ್ನ ಗೋಳಿನ ವಿವರ. ತಡವಾದಷ್ಟೂ ಜಾಲದ ಶಕ್ತಿ ಹೆಚ್ಚುತ್ತದೆಂದು ಸಾಧಿಸಿದವನು ಬೋರ್ಡಿನ ಯಾವ ಮೂಲೆಯಲ್ಲಿ ತಪ್ಪು ಮಾಡಿದ್ದೆನೋ ಎಂದು ಯೋಚಿಸುತ್ತ ಮನೆ ತಲುಪಿದರೆ, ಜಗಲಿಯಲ್ಲಿ ಹೆಂಡತಿ. ಪಕ್ಕದಲ್ಲಿ ಮಿಕ್ಸಿ.

"ಹೇಗೆ ಬಂದೆ?"

"ಬೋಪಯ್ಯಣ್ಣನ ಜೀಪಲ್ಲಿ, ಎಸ್ಟೇಟ್ ದಾರೀಲಿ. ಪೊನ್ನಂಪೇಟೇಲಿ ಇಳೀರಿ ಅಂತ ಕಂಡಕ್ಟರ್ ಹೇಳಿದ್ರು. ಇಳಿದ್ರೆ ಬೇಕರಿಯವರೂ ಅದನ್ನೇ ಹೇಳಿದ್ರು. ಉಮ್ಮರ್ ಕಾಕ ಯಾರ್‍ಯಾರಿಗೆ ಫೋನ್ ಮಾಡಿದ್ರೋ. ಎಲ್ಲರೂ ಹೇಳಿದ್ರು ಕಣ್ರೀ, ನಿಮ್ಮೊಬ್ಬರನ್ನ ಬಿಟ್ಟು."

ಅಂದರೆ ಸೂತ್ರ ಸರಿಯಾಗಿಯೇ ಇತ್ತು. ಜಾಲದಲ್ಲಿ ಕೆಟ್ಟಿದ್ದುದು ನಾನೊಬ್ಬನೇ.

ಆ ಸಂಜೆಯೇ ಅವಳ ನಂಬರನ್ನು ಬಾಯಿಪಾಠ ಮಾಡಿದೆ. ಈಗ ಚೆನ್ನಾಗಿ ಬರುತ್ತದೆ. ಆದರೂ ಇರಲಿ ಎಂದು ಉಮ್ಮರ್ ಕಾಕನಿಗೂ ಒಂದು ಸಲ ಹೇಳಿಟ್ಟಿದ್ದೇನೆ.