ಒಡೆಯದ ಒಂಬತ್ತು ಪೆಟ್ಟಿಗೆ

ಚಲುವರಾಜುವಿನ ಕೈ ಮಾತಿಗಿಂತ ಮುಂದು. ಕೃಷ್ಣರಾಜಪೇಟೆ ಬಸ್ ನಿಲ್ದಾಣದಲ್ಲಿ ಅವನ ಬೀಡಿ ಅಂಗಡಿಗೂ ನನ್ನ ಟೀ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಯ ಈಚೆ ನಿಂತು ಹತ್ತಾರು ವರ್ಷ ಅವನ ಏಟುಗಳನ್ನು ಕೇಳಿದ್ದೇನೆ. ಯಾವುದು ಕೆನ್ನೆಗೆ ಬಿತ್ತು, ಯಾವುದು ಬೆನ್ನಿಗೆ ಬಿತ್ತು ಎಂದು ಟೀ ಸೋಸುತ್ತಲೇ ಹೇಳಬಲ್ಲವನಾಗಿದ್ದೆ. ಸಾಲ ಹೇಳಿದವನಿಗೆ ಏಟು, ಪುಕ್ಕಟೆ ಪೇಪರ್ ಓದಿದವನಿಗೆ ಏಟು. ನನಗೆ ಮಾತ್ರ ಹೊಡೆದಿರಲಿಲ್ಲ. ‘ದೇವಯ್ಯಣ್ಣ’ ಎಂದು ಕರೆದು ಬೆಳಗಿನ ಮೊದಲ ಟೀ ನನ್ನ ಕೈಯಿಂದಲೇ ಕುಡಿಯುತ್ತಿದ್ದ.

ಅವನ ನಿಜವಾದ ರೌದ್ರ ಕಾಣಬೇಕಿದ್ದರೆ ಅಂಗಡಿಯ ಹಿಂಬದಿಯ ಹಲಗೆಯ ಮೇಲೆ ಜೋಡಿಸಿಟ್ಟಿದ್ದ ಒಂಬತ್ತು ರಟ್ಟಿನ ಪೆಟ್ಟಿಗೆಗಳನ್ನು ಮುಟ್ಟಬೇಕಿತ್ತು. ಒಂದು ಮಳೆಗಾಲದಲ್ಲಿ ನಾಗಮಂಗಲದ ಬಸ್ಸಿನ ಕಂಡಕ್ಟರ್ ಒಬ್ಬ ಒಳಗೆ ನುಗ್ಗಿ ಆ ಪೆಟ್ಟಿಗೆಗಳ ಮೇಲೆ ಕೂತುಬಿಟ್ಟ. ಚಲುವರಾಜು ಒಂದು ಕೆ.ಜಿ. ತೂಕದ ಕಲ್ಲನ್ನು ತೆಗೆದು ಅವನ ಬಾಯಿಗೆ ಅಪ್ಪಳಿಸಿದ. ಎರಡು ಹಲ್ಲು ನನ್ನ ಅಂಗಡಿಯ ಮುಂದಿನ ಕೆಸರಿನಲ್ಲಿ ಬಿದ್ದಿದ್ದವು. ಚಲುವರಾಜು ಎರಡು ದಿನ ಠಾಣೆಯಲ್ಲಿದ್ದು ಬಂದ. ಬಂದವನು ಹೆಂಡತಿಯ ಮುಖ ನೋಡುವ ಮೊದಲು ಪೆಟ್ಟಿಗೆಗಳ ಅಂಟುಪಟ್ಟಿ ಕಿತ್ತಿದೆಯೇ ಎಂದು ನೋಡಿದ.

ಅದರೊಳಗೆ ಇದ್ದದ್ದು ಬಬ್ಬಲ್‌ಗಮ್. ನಗಬೇಡಿ. ಎಂಬತ್ತೇಳರ ವಿಶ್ವಕಪ್ಪಿನ ಹೊತ್ತಿಗೆ ಒಂದು ಕಂಪನಿ ಗಮ್ಮಿನ ಜೊತೆ ಕ್ರಿಕೆಟ್ ಆಟಗಾರರ ಚಿತ್ರದ ಕಾರ್ಡು ಇಟ್ಟು ಮಾರುತ್ತಿತ್ತು. ಗಮ್ಮು ಉಗಿದು ಕಾರ್ಡು ಜೇಬಿಗಿಟ್ಟುಕೊಳ್ಳುವ ಮಕ್ಕಳು ಊರೂರಲ್ಲೂ ಇದ್ದರು. ಆಮೇಲೆ ಆ ಮಾಲು ಬರುವುದು ನಿಂತಿತು. ತೊಂಬತ್ತರಲ್ಲಿ ಹೊಸಹೊಳಲಿನ ಗುಡಿ ನೋಡಲು ಬಂದ ಒಬ್ಬ ಬಿಳಿಯ ಮನುಷ್ಯ ಅಲ್ಲಿ ಮಕ್ಕಳ ಕೈಯಲ್ಲಿ ಆ ಕಾರ್ಡು ಕಂಡು ನಿಂತುಬಿಟ್ಟನಂತೆ. ಚಲುವರಾಜುವಿನ ಮನೆ ಹೊಸಹೊಳಲಿನಲ್ಲೇ, ಅವನು ಅಲ್ಲಿದ್ದ. ‘ನಮ್ಮ ದೇಶದಲ್ಲಿ ಇಂಥವನ್ನು ಪೆಟ್ಟಿಗೆ ಒಡೆಯದೆ ಇಡುತ್ತಾರೆ. ಮೂವತ್ತು ವರ್ಷ ಬಿಟ್ಟರೆ ಒಂದು ಪೆಟ್ಟಿಗೆಗೆ ಒಂದು ಮನೆ ಬರುತ್ತದೆ. ಒಡೆದರೆ ಮಾತ್ರ ಏನೂ ಇಲ್ಲ’ ಎಂದು ಆ ಬಿಳಿಯನು ಗೈಡಿನ ಬಾಯಲ್ಲಿ ಹೇಳಿಸಿದ. ಗುಡಿ ಕೆತ್ತಿದವರ ಬಗ್ಗೆ ಅವನು ಏನು ಹೇಳಿದನೋ ಯಾರಿಗೂ ನೆನಪಿಲ್ಲ, ಇದೊಂದು ಮಾತು ಚಲುವರಾಜುವಿನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು. ತಿಂಗಳೊಳಗೆ ಮೈಸೂರಿನ ಏಜೆನ್ಸಿಯ ಗೋದಾಮಿನಲ್ಲಿ ಉಳಿದಿದ್ದ ಅಷ್ಟೂ ಮಾಲು ಎತ್ತಿಕೊಂಡು ಬಂದ. ದುಡ್ಡು ಎಲ್ಲಿಂದ ತಂದೆ ಎಂದು ಕೇಳಿದೆ. ನನಗೂ ಏಟು ಬೀಳುವುದೊಂದು ಬಾಕಿ ಇತ್ತು.

ಈಗ ನನ್ನ ನಾಲಿಗೆಯ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಬೆಂಕಿ ಬೀಳಲಿ.

ಚಲುವರಾಜುವಿನ ಅಣ್ಣ ತಿಮ್ಮರಾಜು. ಊರಲ್ಲಿ ಗದ್ದೆ, ಹಸು, ಹಳೆಯ ಮನೆ ಎಲ್ಲ ಅವನ ಕೈಯಲ್ಲಿತ್ತು, ತಂದೆತಾಯಿಯೂ ಅವನ ಜೊತೆಗಿದ್ದರು. ತಮ್ಮ ಹೊರಗಿನವರಿಗೆ ಹೊಡೆದರೆ ಅಣ್ಣ ಮನೆಯವರಿಗೆ ಹೊಡೆಯುತ್ತಿದ್ದ. ಮುದ್ದೆ ತಣ್ಣಗಾಗಿದೆ ಎಂದು ತಟ್ಟೆ ಎಸೆದು ಹೆತ್ತ ತಾಯಿ ಮಾಯಮ್ಮನ ಹಣೆ ಒಡೆದವನು ಅವನು. ತೊಂಬತ್ತಾರರ ಶಿವರಾತ್ರಿ ಕಳೆದ ಮೇಲೆ ತಂದೆ ಮರಿಯಯ್ಯ ತೀರಿಕೊಂಡ. ತಿಥಿ ಮುಗಿಸಿ ತಾಯಿಯ ಟ್ರಂಕು ತೆಗೆದರೆ ಅವಳ ಎರಡೆಳೆ ಚಿನ್ನದ ಸರ ಇರಲಿಲ್ಲ. ‘ಎಲ್ಲೋಯ್ತೋ ಕಾಣೆ ಕಣಪ್ಪ’ ಎಂದಳು ಮಾಯಮ್ಮ.

ಮಾರನೆಯ ದಿನ ತಿಮ್ಮರಾಜು ನನ್ನಲ್ಲಿ ಟೀ ಕುಡಿಯುತ್ತಾ ಈ ಗೋಳು ಹೇಳಿಕೊಂಡ. ನಾನು ತಮಾಷೆಗೆ ಅಂದೆ: “ನಿನ್ ತಮ್ಮ ಆ ಪೆಟ್ಗೆ ಯಾಕ್ಲಾ ಒಡೆಯಾಕಿಲ್ಲ? ಬರೀ ಗಮ್ಮಿಗೆ ಕಂಡಕ್ಟ್ರು ಅಲ್ಲು ಉದುರಿಸ್ತಾನಾ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಿಮ್ಮರಾಜು ಲೋಟ ಇಟ್ಟು ಎದ್ದುಹೋದ. ಅವನು ಹೋದ ರೀತಿ ನನಗೆ ಹಿಡಿಸಲಿಲ್ಲ. ಆದರೂ ಹಿಂದೆ ಓಡಿಹೋಗಿ ತಡೆಯಲಿಲ್ಲ, ಒಲೆಯ ಮೇಲೆ ಹಾಲಿತ್ತು.

ಅದೇ ವಾರ ಚಲುವರಾಜುವಿಗೆ ಕಾಲ ಕೂಡಿಬಂದಿತ್ತು. ಹಳೆಯ ನಾಣ್ಯ, ಅಂಚೆಚೀಟಿ ಕೂಡಿಡುವ ಮೈಸೂರಿನವರೊಬ್ಬರು ಬಂದು, ಒಂಬತ್ತೂ ಪೆಟ್ಟಿಗೆ ಸುತ್ತಲೂ ನೋಡಿ, ಅಂಟುಪಟ್ಟಿಯ ಮೇಲೆ ಬೆರಳಾಡಿಸಿ, ಮೂವತ್ತು ಸಾವಿರ ಕೊಡುತ್ತೇನೆ ಎಂದರು. ಸೋಮವಾರ ವ್ಯಾನು ತರುವುದು, ಒಂದೂ ಒಡೆದಿರಬಾರದು ಎಂದು ಮಾತಾಯಿತು. ಅವರು ಹೋದ ಮೇಲೆ ಚಲುವರಾಜು ನನ್ನ ಭುಜ ಹಿಡಿದು ಅಲ್ಲಾಡಿಸಿದ. “ಆರು ವರ್ಸ ಕಣಣ್ಣ! ಜನ ಉಚ್ಚ ಅಂದ್ರು. ಈಗ ನೋಡು!” ಅವನ ಕಣ್ಣು ತುಂಬಿತ್ತು. ಆ ಮನುಷ್ಯ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಭಾನುವಾರ ಹತ್ತು ಗಂಟೆಗೆ ತಿಮ್ಮರಾಜು ಬಂದ. ಹೆಗಲ ಮೇಲೆ ಹಾರೆ, ಜೊತೆಯಲ್ಲಿ ಊರ ಯಜಮಾನ ಸೋಮಯ್ಯ, ಇನ್ನು ನಾಲ್ಕು ಜನ, ಸಾಕ್ಷಿಗೆ ಎಂದು ಎಳೆದು ತಂದಿದ್ದ ಮಾಯಮ್ಮ. ಬಸ್ ನಿಲ್ದಾಣದ ಜನವೆಲ್ಲ ಮುತ್ತಿಕೊಂಡಿತು.

“ಪೆಟ್ಗೆ ಒಡಿಯಪ್ಪ. ಸರ ಇಲ್ದಿದ್ರೆ ನಿನ್ ದಾರಿ ನಿಂಗೆ,” ಎಂದ ಸೋಮಯ್ಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಆಸಾಮಿ.

“ನಾಳೆ ಗಂಟ ತಡೀರಿ ಸೋಮಣ್ಣ. ಕೈ ಮುಗೀತೀನಿ. ಒಡುದ್ರೆ ಮೂವತ್ತು ಸಾವ್ರ ವೋಯ್ತದೆ.”

ಜನ ಹೋ ಎಂದು ನಕ್ಕಿತು. ಹಳೆ ಗಮ್ಮಿಗೆ ಮೂವತ್ತು ಸಾವಿರ!

“ನಾಳೆ ಒಳ್ಗೆ ಸರ ಸಾಗ್ಸಕಾ?” ಎಂದ ತಿಮ್ಮರಾಜು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಯಾರೋ ಹಿಂದಿನಿಂದ ಕೂಗಿದರು.

ಚಲುವರಾಜು ಒಂದು ಕ್ಷಣ ತಾಯಿಯ ಕಡೆ ನೋಡಿದ, ಬೇಡ ಎನ್ನುವ ಹಾಗೆ ತಲೆ ಆಡಿಸಿದ. ಮಾಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಾನು ಅದನ್ನು ಕಂಡೆ, ತಾಯಿ ಮಗ ಸೇರಿ ಸರ ನುಂಗಿದ್ದಾರೆ ಎಂದೇ ತಿಳಿದೆ. ಆಮೇಲೆ ಅವನು ತನ್ನ ಅಂಗಡಿಯದೇ ಕರ್ಪೂರ ಒಡೆದು ಅಂಗೈ ಮೇಲಿಟ್ಟು ಹಚ್ಚಿದ. “ಇದ್ರೊಳ್ಗೆ ಒಂದ್ ಗುಲಗಂಜಿ ಚಿನ್ನ ಇದ್ರೆ ನನ್ ವಂಶ ಬೇಯ್ಲಿ!” ಚರ್ಮ ಸುಡುವ ವಾಸನೆ ಬಂತು. ಅವನು ಕೈ ಕೊಡವಲಿಲ್ಲ. ನಮ್ಮ ಕಡೆ ಕರ್ಪೂರ ಮುಟ್ಟಿ ಆಣೆ ಮಾಡಿದ ಮೇಲೆ ಮಾತು ಮುಗಿಯಿತು, ಮಿಕ್ಕದ್ದು ದೇವರಿಗೆ. ಸೋಮಯ್ಯ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಹೊರಡಲು ತಿರುಗಿದ.

“ಕರ್ಪೂರನೂ ಇವಂದೇ, ಆಣೆನೂ ಇವಂದೇ!” ಎಂದು ತಿಮ್ಮರಾಜು ಹಾರೆ ಎತ್ತಿ ಒಳನುಗ್ಗಿದ.

ಚಲುವರಾಜು ಎಳನೀರು ಕೆತ್ತುವ ಮಚ್ಚು ಹಿಡಿದು ಪೆಟ್ಟಿಗೆಗಳಿಗೆ ಅಡ್ಡ ನಿಂತ. ಮೊದಲ ಏಟು ಅವನದೇ. ಮಚ್ಚು ಅಣ್ಣನ ಎಡಭುಜದಲ್ಲಿ ನಾಟಿತು, ರಕ್ತ ಚಿಮ್ಮಿ ಬಿಸ್ಕತ್ತಿನ ಬಾಟಲಿಗಳ ಮೇಲೆ ಸಿಡಿಯಿತು. ತಿಮ್ಮರಾಜು ಕೂಗಲಿಲ್ಲ. ಹಾರೆಯನ್ನು ಅಡ್ಡಡ್ಡ ಬೀಸಿದ. ತಮ್ಮನ ಬಲಮೊಣಕೈ ಲಟಕ್ಕೆಂದದ್ದು ನನಗೆ ಗೋಡೆಯ ಆಚೆಯಿಂದಲ್ಲ, ಎರಡು ಮಾರು ದೂರದಿಂದಲೇ ಕೇಳಿತು. ಆ ಕೈ ಇವತ್ತಿಗೂ ಹೆಗಲ ಮಟ್ಟಕ್ಕೆ ಏಳುವುದಿಲ್ಲ. ಚಲುವರಾಜು ಎಡಗೈಯಲ್ಲಿ ಅಣ್ಣನ ಗಂಟಲು ಹಿಡಿದ, ಅಣ್ಣ ಹಣೆಯಿಂದ ಅವನ ಮೂಗು ಜಜ್ಜಿದ. ಇಬ್ಬರೂ ಸೋಡಾ ಬಾಟಲಿಗಳ ಮೇಲೆ ಬಿದ್ದು ಹೊರಳಾಡಿದರು, ಗಾಜು ಬೆನ್ನಿಗೆ ಹೊಕ್ಕಿತು. ಬಿಡಿಸಲು ಹೋದವನ ಹೊಟ್ಟೆಗೆ ಒದೆ ಬಿತ್ತು. ನಾನು ಹೋಗಲಿಲ್ಲ. ನನ್ನ ಅಂಗಡಿಯ ಗೋಡೆಗೆ ಒರಗಿ ನಿಂತೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಚಲುವರಾಜು ಏಳಲಾಗದೆ ಬಿದ್ದ ಮೇಲೆ ತಿಮ್ಮರಾಜು ಆ ಮಚ್ಚನ್ನೇ ತೆಗೆದುಕೊಂಡು ಪೆಟ್ಟಿಗೆಗಳ ಮೇಲೆ ಬಿದ್ದ. “ಒಡೀಬ್ಯಾಡ ಕಣಣ್ಣಯ್ಯ, ನನ್ನ ಕಡ್ದಾಕು, ಅದ್ನ ಒಡೀಬ್ಯಾಡ!” ಎಂದು ಚಲುವರಾಜು ತೆವಳುತ್ತಾ ಅಣ್ಣನ ಕಾಲು ತಬ್ಬಿಕೊಂಡ. ಅಣ್ಣ ಅವನ ಮುಖಕ್ಕೆ ಒದ್ದು ಕಡಿದ. ರಟ್ಟು ಸೀಳಿತು, ಒಳಗಿನ ಸಣ್ಣ ಡಬ್ಬಗಳು ಸೀಳಿದವು, ಸುಣ್ಣದಂತೆ ಒಣಗಿದ ಗಮ್ಮು ಪುಡಿಪುಡಿಯಾಗಿ ಉದುರಿತು. ಬ್ಯಾಟು ಎತ್ತಿ ನಿಂತ ಆಟಗಾರರ ಕಾರ್ಡುಗಳು ನೂರಾರು, ರಕ್ತದಲ್ಲಿ ಒಂದಕ್ಕೊಂದು ಅಂಟಿಕೊಂಡವು. ಒಂಬತ್ತನೆಯದನ್ನು ಅವನು ಮಚ್ಚು ಬಿಟ್ಟು ಒಂದೇ ಕೈಯಲ್ಲಿ ಹರಿದ. ಬರೀ ಗಮ್ಮು. ಅವನು ಮತ್ತೆ ಮಚ್ಚು ಎತ್ತಿಕೊಂಡು, ಇನ್ನೇನು ಕಡಿಯಲಿ ಎನ್ನುವ ಹಾಗೆ ಸುತ್ತ ನೋಡಿದ.

ಮಾಯಮ್ಮ ಮುಂದೆ ಬಂದು ಗಾಜಿನ ಚೂರುಗಳ ನಡುವೆಯೇ ಕುಕ್ಕರಿಸಿದಳು. ಸೆರಗಿನಿಂದ ಒಂದು ಕಾರ್ಡಿನ ರಕ್ತ ಒರೆಸಿದಳು, ಇನ್ನೊಂದನ್ನು ಒರೆಸಿದಳು.

“ಇದೇ ಕಣ್ಲಾ ನನ್ ಸರ,” ಎಂದಳು. “ಇವ್ನು ಇದ್ನ ಕೊಂಡಾಗ ನಾನೇ ಟ್ರಂಕಿಂದ ತೆಗ್ದು ಇವ್ನಿಗೆ ಕೊಟ್ಟೆ. ನಿಮ್ಮಪ್ಪಂಗೆ ಯೋಳ್ಬ್ಯಾಡ, ನಿಮ್ಮಣ್ಣಂಗೆ ಯೋಳ್ಬ್ಯಾಡ ಅಂತ ಮಾತು ತಕ್ಕೊಂಡಿದ್ದೆ. ನಾಳೆ ಇದ್ನ ಮಾರಿ ಸರ ತಂದು ನನ್ ಕತ್ಗೆ ಆಕ್ತೀನಿ ಅಂದಿದ್ದ. ನೀನು ಒಡ್ದಾಕ್ಬುಟ್ಟೆ.”

ತಿಮ್ಮರಾಜುವಿನ ಭುಜದಿಂದ ರಕ್ತ ಸುರಿಯುತ್ತಲೇ ಇತ್ತು. “ಮೊದ್ಲೇ ಯೋಳಕ್ಕೆ ಏನಾಗಿತ್ತವ್ವ ನಿಂಗೆ? ಇಷ್ಟೆಲ್ಲ ಆಯ್ತಿತ್ತಾ?”

ಮಾಯಮ್ಮ ತಲೆಯೆತ್ತಿ ಅವನನ್ನು ನೋಡಿದಳು. “ಯೋಳಿದ್ರೆ ಆ ಮಚ್ಚು ನನ್ ಮ್ಯಾಲೆ ಬೀಳ್ತಿರ್ನಿಲ್ವೇನ್ಲಾ?”

ಅವನು ಇಲ್ಲ ಎನ್ನಲು ಬಾಯಿ ತೆರೆದ. ಅಷ್ಟು ಜನರ ಮುಂದೆ ಅವನಿಂದ ಆ ಒಂದು ಮಾತು ಆಡಲು ಆಗಲಿಲ್ಲ.